ಅಂಬ್ರಪ್ಪನ ಫೋನಿನಲ್ಲಿ ಇಂಗ್ಲಿಷ್ ಕ್ಲಾಸು

ತರಬೇತಿಯ ಆದೇಶ ಬಂದಾಗ ದೇವಕಮ್ಮನ ಗಂಡ ತೀರಿಕೊಂಡು ಏಳು ವಾರವಾಗಿತ್ತು. ಮುಖ್ಯಗುರು ದೇವಿಂದ್ರಪ್ಪನವರು ಫೋನು ಮಾಡಿ, ಹೇಗೆ ಹೇಳುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಮಳೆಯ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

"ಟೀಚರ್ರಿ, ಇಂಗ್ಲಿಷ್ ಟ್ರೇನಿಂಗಿಗೆ ನಮ್ಮ ಶಾಲಿಯಿಂದ ನಿಮ್ಮ ಹೆಸರು ಬಂದದ. ಮೂವತ್ತು ದಿನ. ಹನ್ನೊಂದರಿಂದ ಒಂದರ ತನಕ, ಮೊಬೈಲಿನ್ಯಾಗ. ಈಗ ಆಗಂಗಿಲ್ಲ ಅಂದ್ರ ಹೇಳ್ರಿ, ನಾ ಮ್ಯಾಲ ಬರೀತೇನಿ. ಬ್ಯಾರೆಯವರ್ನ ಹಾಕ್ತಾರ."

"ಇರ್ಲಿ ಬಿಡ್ರಿ ಸರ್. ಕುಂದ್ರತೇನಿ."

"ವಿಚಾರ ಮಾಡಿ ಹೇಳ್ರಿ."

"ವಿಚಾರ ಮಾಡೂದೇನದ್ರಿ. ಎಲ್ಲಿ ಕುಂತ್ರೂ ಕುಂದ್ರೂದ."

ಸಗರದ ಮನೆಯಲ್ಲಿ ಈಗ ಇದ್ದವರು ಇಬ್ಬರು: ದೇವಕಮ್ಮ, ಅವಳ ಅತ್ತೆ ಮರಿಲಿಂಗಮ್ಮ. ಮಕ್ಕಳಾಗಿರಲಿಲ್ಲ. ದೇವಕಮ್ಮ ಹದಿನೆಂಟು ವರ್ಷದಿಂದ ಕಾಲುವೆಯ ಆಚೆಗಿನ ಕ್ಯಾಂಪಿನ ಶಾಲೆಯಲ್ಲಿ ನಾಲ್ಕನೆಯ, ಐದನೆಯ ತರಗತಿಗೆ ಪಾಠ ಮಾಡುತ್ತಿದ್ದಳು. ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆನಿಂತವರ ಮಕ್ಕಳು, ಅವರ ಗದ್ದೆಗೆ ಕೂಲಿಗೆ ಬರುವವರ ಮಕ್ಕಳು, ಎಲ್ಲ ಕೂಡಿ ನಲವತ್ತು. ಇಂಗ್ಲಿಷನ್ನೂ ಅವಳೇ ಕಲಿಸುತ್ತಿದ್ದಳು, ಕನ್ನಡದಲ್ಲಿ. ಪುಸ್ತಕದ ಸಾಲು ಓದುವುದು, ಅರ್ಥ ಹೇಳುವುದು, ಹಲಗೆಯ ಮೇಲೆ ಬರೆಯುವುದು. ಇಂಗ್ಲಿಷಿನಲ್ಲಿ ಒಬ್ಬರ ಮುಖ ನೋಡಿ ಮಾತಾಡುವ ಪ್ರಸಂಗ ಅವಳ ಬದುಕಿನಲ್ಲಿ ಎಂದೂ ಬಂದಿರಲಿಲ್ಲ.

ಗಂಡ ಅಂಬ್ರಪ್ಪ ಕಾಲುವೆಯ ಲಸ್ಕರ್ ಆಗಿದ್ದ. ಗೇಟು ಎತ್ತುವುದು, ಇಳಿಸುವುದು, ಯಾವ ಹೊಲಕ್ಕೆ ಯಾವ ದಿನ ನೀರು ಹೋಗಬೇಕೋ ನೋಡಿಕೊಳ್ಳುವುದು ಅವನ ಕೆಲಸ. ಮೇ ತಿಂಗಳಲ್ಲಿ ಜ್ವರ ಬಂದು, ಉಸಿರು ಕಟ್ಟಿ, ಯಾದಗಿರಿಯ ಆಸ್ಪತ್ರೆಯಲ್ಲಿ ಹೋದ. ಆಗ ಕೊರೊನಾ ಕಾಲ, ರೋಗಿಯ ಜೊತೆ ಒಬ್ಬರನ್ನಷ್ಟೇ ಬಿಡುತ್ತಿದ್ದರು, ದೇವಕಮ್ಮ ಹೋಗಿದ್ದಳು. ಹೆಣವನ್ನು ಊರಿಗೆ ತರಲಿಲ್ಲ, ಅಲ್ಲಿಯೇ ಮಣ್ಣು ಮಾಡಿದರು. ಮರುದಿನ ಅವಳು ಒಂದು ಚೀಲ, ನೀರು ಕುಡಿಯುವ ಒಂದು ಕಪ್ಪು, ಅವನ ಫೋನು ಹಿಡಿದುಕೊಂಡು ಊರಿಗೆ ಬಂದಿಳಿದಳು.

ಅವಳು ಅಳಲಿಲ್ಲವೆಂದು ಓಣಿಯ ಹೆಂಗಸರು ಗಮನಿಸಿದರು. ಮರಿಲಿಂಗಮ್ಮ ಹನ್ನೊಂದು ದಿನ ಎದೆ ಬಡಿದುಕೊಂಡು ಅತ್ತಳು, ಆಮೇಲೆ ಸುಮ್ಮನಾದಳು. ದೇವಕಮ್ಮ ಮೊದಲ ದಿನದಿಂದಲೇ ಸುಮ್ಮನಿದ್ದಳು. ನೀರು ತುಂಬಿದಳು, ರೊಟ್ಟಿ ಬಡಿದಳು, ಸ್ನಾನ ಮಾಡಿದಳು. ಬಿಸಿನೀರು ಮೈಮೇಲೆ ಬಿದ್ದರೆ ಬಿಸಿ ಎಂದು ತಿಳಿಯುತ್ತಿತ್ತು, ಆದರೆ ಯಾರದೋ ಮೈಮೇಲೆ ಬಿದ್ದಂತೆ ತಿಳಿಯುತ್ತಿತ್ತು. ಏನಾಯಿತೆಂದು ಹೇಳುವ ಸಂದರ್ಭವೂ ಒದಗಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಬಂದವರು, "ಹಿಂಗಾಗಬಾರದಿತ್ತು," ಎನ್ನುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು.

ಶಾಲೆಗಳು ಇನ್ನೂ ತೆರೆದಿರಲಿಲ್ಲ, ತರಬೇತಿಯೂ ಮನೆಯಿಂದಲೇ. ಅವಳ ಹತ್ತಿರ ಗುಂಡಿ ಒತ್ತುವ ಹಳೆಯ ಫೋನಿತ್ತು. ಕ್ಲಾಸಿಗೆ ಅದು ನಡೆಯುವುದಿಲ್ಲ. ಅಂಬ್ರಪ್ಪನ ದೊಡ್ಡ ಫೋನಿನಲ್ಲಿ ಮೀಟಿಂಗಿನ ಆ್ಯಪು ಮೊದಲೇ ಇತ್ತು. ಹಿಂದಿನ ವರ್ಷ ಸಾಹೇಬರು ಲಸ್ಕರ್‌ಗಳಿಗೆಲ್ಲ ಅದರಲ್ಲಿ ಸಭೆ ಮಾಡಿದ್ದರು. ದೇವಿಂದ್ರಪ್ಪನವರು ಕಳಿಸಿದ ಲಿಂಕು ಒತ್ತಿದರೆ ಸಾಕು, ಒಳಗೆ ಹೋಗುತ್ತಿತ್ತು. ಮನೆಯೊಳಗೆ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಮಾಳಿಗೆಯ ಮೇಲೆ, ತೊಗರಿ ಕಟ್ಟಿಗೆ ಒಟ್ಟಿದ್ದ ಮೂಲೆಯಲ್ಲಿ ಸಿಗುತ್ತಿತ್ತು. ಅಲ್ಲಿ ಒಂದು ಚಾಪೆ ಹಾಸಿ, ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ನೋಟುಬುಕ್ಕು ಇಟ್ಟುಕೊಂಡು ಕುಳಿತಳು.

ಕ್ಲಾಸು ನಡೆಸುವವಳು ನಂದಿತಾ ಮೇಡಂ, ಬೆಂಗಳೂರಿನವಳು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಒಳ್ಳೆಯ ಹುಡುಗಿ, ಯಾರನ್ನೂ ಗದರುತ್ತಿರಲಿಲ್ಲ. ಪರದೆಯ ಮೇಲೆ ನಲವತ್ತು ಚೌಕ, ಒಂದೊಂದು ಚೌಕದಲ್ಲಿ ಒಬ್ಬೊಬ್ಬ ಶಿಕ್ಷಕ, ಶಿಕ್ಷಕಿ. ಧಾರವಾಡದವರು, ಮೈಸೂರಿನವರು, ಬೀದರಿನವರು. ಮೊದಲ ದಿನವೇ ಮೇಡಂ ಹೇಳಿದಳು: ಇದು ಪಾಠವಲ್ಲ, ಚರ್ಚೆ. ಯಾರು ಎಷ್ಟು ಮಾತಾಡುತ್ತಾರೋ ಅಷ್ಟು ಕಲಿಯುತ್ತಾರೆ. ತಪ್ಪಾದರೂ ಮಾತಾಡಿ. ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ದೇವಕಮ್ಮನಿಗೆ 'ತಪ್ಪು' ಎಂಬ ಮಾತೊಂದೇ ಗಟ್ಟಿಯಾಗಿ ತಿಳಿಯಿತು.

ಮೊದಲ ಪ್ರಶ್ನೆ ಸುಲಭದ್ದು. ಬೆಳಿಗ್ಗೆ ಏನು ತಿಂದಿರಿ? ಅದು ಪ್ರಶ್ನೆ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ರೊಟ್ಟಿ, ಪುಂಡಿಪಲ್ಯ ತಿಂದೆ ಎಂದು ಒಳಗೆ ಉತ್ತರ ಎದ್ದಿತು. ಐ ಈಟ್ ರೊಟ್ಟಿ. ಅಲ್ಲ, ತಿಂದದ್ದು ಆಗಿಹೋಯಿತು. ಏಟ್. ಏಟೋ, ಈಟನ್ನೋ? ಪುಂಡಿಪಲ್ಯಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಪುಂಡಿಯನ್ನು ಬಿಟ್ಟು ರೊಟ್ಟಿಯೊಂದನ್ನೇ ಹೇಳಿದರಾಯಿತೆಂದು ಅವಳು ನಿರ್ಧರಿಸುವಷ್ಟರಲ್ಲಿ ಧಾರವಾಡದ ಶಿಕ್ಷಕರೊಬ್ಬರು ಸಿರಿಧಾನ್ಯಗಳ ಬಗ್ಗೆ ಮಾತಾಡುತ್ತಿದ್ದರು. ಇನ್ನೊಬ್ಬರು ಬಿಸಿಯೂಟಕ್ಕೆ ಹೋದರು. ಅವಳ ಏಟ್ ರೊಟ್ಟಿ ಬಾಯಲ್ಲೇ ಉಳಿಯಿತು.

ದಿನವೂ ಇದೇ ಆಯಿತು. ಪ್ರಶ್ನೆ ಬರುತ್ತಿತ್ತು, ಅವಳು ವಾಕ್ಯ ಕಟ್ಟುತ್ತಿದ್ದಳು, ವಾಕ್ಯ ನಿಂತಾಗ ಚರ್ಚೆ ಮುಂದಿನ ಊರಿಗೆ ಹೋಗಿರುತ್ತಿತ್ತು. ಮಾತು ಬಾರದವರು ಬರೆಯಿರಿ ಎಂದು ಪಕ್ಕದಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿ ಸಾಲುಗಳು ಎಷ್ಟು ವೇಗವಾಗಿ ಮೇಲೇರುತ್ತಿದ್ದವೆಂದರೆ ಅವಳು ಒಂದನ್ನು ಓದುವಷ್ಟರಲ್ಲಿ ಹತ್ತು ಹೋಗಿರುತ್ತಿದ್ದವು. ಅವಳು 'ಯಸ್ ಮೇಡಂ' ಎಂದು ಬರೆಯುತ್ತಿದ್ದಳು, ಏನಕ್ಕೆ ಯಸ್ ಎಂದು ಗೊತ್ತಿಲ್ಲದೆ. ಮೂರನೆಯ ದಿನ ಏನೋ ಒತ್ತಲು ಹೋಗಿ ಕೈಯೆತ್ತಿದ ಹಳದಿ ಚಿತ್ರ ಮೂಡಿತು. ಅದನ್ನು ಇಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಪೂರ್ತಿ ಒಂದು ತಾಸು ಅವಳ ಕೈ ಮೇಲೆಯೇ ಇತ್ತು. ಮೇಡಂ ಎರಡು ಸಲ ಕರೆದಳು. ಕೊನೆಗೆ ಮೇಡಂ ತಾನೇ ಅದನ್ನು ಇಳಿಸಿದಳು.

ಮೊದಲಾಗಿದ್ದರೆ ಇಂಥದಕ್ಕೆ ಮುಖ ಕೆಂಪಾಗಿ, ಎರಡು ದಿನ ಊಟ ಸೇರುತ್ತಿರಲಿಲ್ಲ. ಈಗ ನಾಚಿಕೆಯೂ ಆಗಲಿಲ್ಲ. ನಾಚಿಕೆಯಾಗಲಿಲ್ಲವಲ್ಲ ಎಂಬುದನ್ನು ಅವಳು ಒಂದು ಸುದ್ದಿಯಂತೆ ಗಮನಿಸಿ, ನೋಟುಬುಕ್ಕು ಮುಚ್ಚಿ, ಕೆಳಗಿಳಿದು ಹೋಗಿ ಅಕ್ಕಿ ತೊಳೆದಳು.

ಕ್ಲಾಸಿನ ನಡುವೆ ಫೋನುಗಳು ಬರುತ್ತಿದ್ದವು. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾಗಿತ್ತು. ಕಾಲುವೆಯ ಕೊನೆಯ ಊರುಗಳವರಿಗೆ ಲಸ್ಕರ್ ತೀರಿಕೊಂಡದ್ದು ತಿಳಿದಿರಲಿಲ್ಲ. ಮೇಡಮ್ಮಳ ಮಾತು ಕಡಿದು, ಪರದೆಯ ತುಂಬ ಯಾರದೋ ಹೆಸರು ಬರುತ್ತಿತ್ತು.

"ಅಂಬ್ರಪ್ಪಣ್ಣ, ನಮ್ಮ ಕಡಿ ನೀರು ಯಾವಾಗ ಬರ್ತದ?"

"ಅವರು ಡ್ಯೂಟಿ ಮ್ಯಾಲ ಇಲ್ರಿ," ಎನ್ನುತ್ತಿದ್ದಳು ದೇವಕಮ್ಮ.

"ಯಾವಾಗ ಬರ್ತಾರವ್ವ?"

"ಗೊತ್ತಿಲ್ರಿ."

ಫೋನು ಇಟ್ಟು ಮತ್ತೆ ಕ್ಲಾಸಿಗೆ ಬಂದರೆ ಅಲ್ಲಿ ಬೇರೆ ಯಾರೋ ಮಾತಾಡುತ್ತಿರುತ್ತಿದ್ದರು.

ಆರನೆಯ ದಿನ ಮೇಡಂ ಹಾಜರಿ ಪಟ್ಟಿ ತೆರೆದಳು. ನಿಧಾನವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿದಳು: ದೇವಕಮ್ಮ ಎಂಬ ಶಿಕ್ಷಕಿ ಒಂದು ದಿನವೂ ಬಂದಿಲ್ಲ. ಇನ್ನು ಪಟ್ಟಿಯಲ್ಲಿ ಇಲ್ಲದ ಒಬ್ಬರು ದಿನವೂ ಬರುತ್ತಿದ್ದಾರೆ. ಅಂಬ್ರಪ್ಪ. ಮಿಸ್ಟರ್ ಅಂಬ್ರಪ್ಪ, ನೀವು ತುಂಬಾ ಮೌನಿ. ನಿಮ್ಮ ಧ್ವನಿಯನ್ನೇ ನಾವು ಕೇಳಿಲ್ಲ. ದಯವಿಟ್ಟು ಮಾತಾಡಿ.

ದೇವಕಮ್ಮ ತನ್ನ ಚೌಕವನ್ನು ನೋಡಿದಳು. ಕಪ್ಪು ಚೌಕ, ಒಳಗೆ ಅವನ ಹೆಸರು. ಅದನ್ನು ಅವನೇ ಹಾಕಿದ್ದ, ಸಾಹೇಬರ ಸಭೆಗೆ. ಆರು ದಿನದಿಂದ ಅದು ಅವಳ ಕಣ್ಣಮುಂದೆಯೇ ಇತ್ತು. ಬದಲಿಸಲು ಬರುವುದೆಂದು ಅವಳಿಗೆ ಗೊತ್ತಿರಲಿಲ್ಲ. ಬದಲಿಸಬೇಕೆಂದೂ ಅನಿಸಿರಲಿಲ್ಲ.

ಧ್ವನಿಯ ಗುಂಡಿ ಒತ್ತಿದಳು. "ಮೇಡಂ. ಐ ಯಾಮ್ ನಾಟ್ ಅಂಬ್ರಪ್ಪ. ಐ ಯಾಮ್ ದೇವಕಮ್ಮ. ಅಂಬ್ರಪ್ಪ ಈಸ್ ಮೈ ಹಸ್ಬೆಂಡ್."

ಓ, ಎಂದಳು ಮೇಡಂ, ನಕ್ಕಳು. ಹಾಗಾದರೆ ನಿಮ್ಮ ಯಜಮಾನರಿಗೆ ಹೇಳಿ, ಅವರ ಹೆಸರು ತೆಗೆದು ನಿಮ್ಮ ಹೆಸರು ಹಾಕಿಕೊಡಲು.

"ಮೈ ಹಸ್ಬೆಂಡ್ ಈಸ್ ಎಕ್ಸ್‌ಪೈರ್ಡ್ ಮೇಡಂ."

ಮೇಡಂ ದಿನಕ್ಕೆ ನೂರು ವಾಕ್ಯ ತಿದ್ದುವವಳು. ವಾಕ್ಯ ಕಿವಿಗೆ ಬಿದ್ದ ಕೂಡಲೇ ಅದರ ತಪ್ಪು ಅವಳ ಬಾಯಿಗೆ ಬಂದಿತು. ಎಕ್ಸ್‌ಪೈರ್ಡ್ ಎನ್ನುವುದು ಔಷಧಿಗೆ, ಲೈಸೆನ್ಸಿಗೆ. ಮನುಷ್ಯರಿಗಾದರೆ ಡೈಡ್, ಅಥವಾ ಪಾಸ್ಡ್ ಅವೇ. ಈಸ್ ಬೇಡ. ಮೈ ಹಸ್ಬೆಂಡ್ ಡೈಡ್. ರಿಪೀಟ್ ಆಫ್ಟರ್ ಮಿ.

"ಮೈ ಹಸ್ಬೆಂಡ್ ಡೈಡ್," ಎಂದಳು ದೇವಕಮ್ಮ.

ಮೇಡಂ 'ಗುಡ್' ಎಂದಳು. ಅಷ್ಟಾದ ಮೇಲೆ ಅವಳಿಗೆ ಹೊಳೆಯಿತು. ಅವಳ ಚೌಕದಲ್ಲಿ ಮುಖ ನಿಂತೇ ಹೋಯಿತು. ನೆಟ್‌ವರ್ಕ್ ಹೋಗಿರಬೇಕೆಂದು ದೇವಕಮ್ಮ ಭಾವಿಸಿದಳು. ಹೋಗಿರಲಿಲ್ಲ. ಐ ಯಾಮ್ ಸೋ ಸಾರಿ, ಎಂದಳು ಮೇಡಂ ಬಹಳ ಹೊತ್ತಿನ ಮೇಲೆ. ಪಕ್ಕದ ಜಾಗದಲ್ಲಿ ಕೈಮುಗಿದ ಚಿತ್ರಗಳು ಒಂದರ ಮೇಲೊಂದು ಏರತೊಡಗಿದವು. ಯಾರೋ ತಪ್ಪಿ ಚಪ್ಪಾಳೆಯ ಚಿತ್ರ ಒತ್ತಿ, ಮರುಕ್ಷಣ ಅಳಿಸಿದರು. ಮೇಡಂ ಮತ್ತೇನೋ ಒತ್ತಿದಳು. ದೇವಕಮ್ಮನ ಕಣ್ಣೆದುರಿಗೇ ಚೌಕದೊಳಗಿನ ಅಂಬ್ರಪ್ಪ ಹೋಗಿ ದೇವಕಮ್ಮ ಬಂದಳು. ಚಿಟಿಕೆ ಹೊಡೆದಷ್ಟು ಹೊತ್ತು ಕೂಡ ಹಿಡಿಯಲಿಲ್ಲ.

ಅವಳು ನೋಟುಬುಕ್ಕಿನಲ್ಲಿ ಬರೆದುಕೊಂಡಳು: ಡೈ, ಡೈಡ್, ಡೈಡ್. ಕೆಳಗೆ ಗೆರೆ ಎಳೆದಳು. ಆಮೇಲೆ ಅವಳಿಗೆ ಒಂದು ಮಾತು ತಿಳಿಯಿತು. ಇಷ್ಟು ದಿನದಲ್ಲಿ ಇದನ್ನು ತಾನು ಒಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಲು ಕಷ್ಟವಾಗಲಿಲ್ಲ. ಕ್ಯಾಟ್, ಮ್ಯಾಟ್ ಹೇಳಿದಂತೆ ಬಂದಿತ್ತು.

ಮರುದಿನ ಮೇಡಂ ಎಲ್ಲರನ್ನೂ ಇಬ್ಬಿಬ್ಬರಂತೆ ಬೇರೆ ಬೇರೆ ಕೋಣೆಗೆ ಕಳಿಸಿದಳು. ಕೋಣೆ ಎಂದರೆ ಪರದೆಯ ಮೇಲೆ ಎರಡೇ ಚೌಕ. ಹದಿನೈದು ನಿಮಿಷ, ಒಬ್ಬರು ಇನ್ನೊಬ್ಬರನ್ನು ಭೂತಕಾಲದಲ್ಲಿ ಐದು ಪ್ರಶ್ನೆ ಕೇಳಬೇಕು. ದೇವಕಮ್ಮನ ಎದುರಿನ ಚೌಕವೂ ಕಪ್ಪಾಗಿತ್ತು. ಗೌಹರಬೇಗಂ, ಸುರಪುರ ಎಂದು ಬರೆದಿತ್ತು. ಅವಳ ಧ್ವನಿಯನ್ನೂ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಮೂರು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆ ಕಡೆ ಮಕ್ಕಳು ಜಗಳಾಡುವ ಸದ್ದು, ಈ ಕಡೆ ಮರಿಲಿಂಗಮ್ಮ ತೊಗರಿ ಕೇರುವ ಸದ್ದು.

"ಟೀಚರಮ್ಮ," ಎಂದಿತು ಕೊನೆಗೆ ಆ ಕಡೆಯ ಧ್ವನಿ, ಸಣ್ಣಗೆ. "ಕನ್ನಡದಾಗ ಮಾತಾಡಿದ್ರ ಮೇಡಂಗ ಕೇಳಸ್ತದೇನ್ರಿ?"

"ಗೊತ್ತಿಲ್ರಿ. ಕೇಳ್ಸಂಗಿಲ್ಲ ಅನ್ಸತದ."

"ನಾ ಉರ್ದು ಸಾಲಿ ಟೀಚರ್. ನನಗ ಅವ್ರು ಕೇಳಿದ್ದು ಮೊದ್ಲು ಉರ್ದುದಾಗ ಆಗಬೇಕು, ಆಮ್ಯಾಲ ಹೊಳ್ಳಿ ಇಂಗ್ಲಿಷ್ ಆಗಬೇಕು. ಅಷ್ಟರಾಗ ಖಲಾಸ್. ಮಂದಿ ಮುಂದ ಹೋಗಿರ್ತಾರ."

"ನಂದೂ ಹಂಗ ಅದರಿ."

"ನಿನ್ನೆ ನೀವು ಹೇಳಿದ್ದು ಕೇಳಿದೆ." ಎಂದಳು ಗೌಹರಬೇಗಂ. "ಎಲ್ಲಾರೂ ಸಾರಿ ಅಂತ ಬರದ್ರು. ನಾ ಬರೀಲಿಲ್ಲ. ಬಸ್ಸಿನ್ಯಾಗ ಕಾಲು ತುಳದ್ರೂ ಸಾರಿ ಅಂತೀವಿ, ಇದಕ್ಕೂ ಅದೇ ಹ್ಯಾಂಗ ಅನ್ನೂದು? ತಪ್ಪು ತಿಳೀಬ್ಯಾಡ್ರಿ."

"ಇಲ್ರಿ."

"ಊಟ ಮಾಡಿದ್ರಿ?"

"ಇನ್ನಾ ಇಲ್ರಿ. ಕ್ಲಾಸ್ ಮುಗದ ಮ್ಯಾಲ."

ಉಳಿದದ್ದು ಎಂಟು ನಿಮಿಷ. ಗೌಹರಬೇಗಂ ಪ್ರಶ್ನೆಗಳನ್ನು ಒಂದೊಂದಾಗಿ ಕಾಗದದಲ್ಲಿ ಬರೆದುಕೊಂಡು ಓದಿದಳು. ವಾಟ್ ವಾಸ್ ಹಿಸ್ ನೇಮ್? ವಾಟ್ ವರ್ಕ್ ಹಿ ಡಿಡ್? ದೇವಕಮ್ಮ ತಡೆತಡೆದು ಹೇಳಿದಳು. ಹಿ ಓಪನ್ಡ್ ದ ಗೇಟ್. ಹಿ ಕ್ಲೋಸ್ಡ್ ದ ಗೇಟ್. ವಾಟರ್ ಕೇಮ್. ಗೌಹರಬೇಗಂಗೆ ಅವಸರವಿರಲಿಲ್ಲ. ಒಂದು ವಾಕ್ಯಕ್ಕೆ ಅರ್ಧ ನಿಮಿಷ ಹಿಡಿದರೂ ಅವಳು ಕಾಯುತ್ತಿದ್ದಳು, ಏಕೆಂದರೆ ಅಷ್ಟು ಹೊತ್ತು ಅವಳಿಗೂ ಮುಂದಿನ ಪ್ರಶ್ನೆಗೆ ಬೇಕಾಗಿತ್ತು. ಕೋಣೆ ಮುಚ್ಚುವ ಮೊದಲು ಇಬ್ಬರೂ ನಂಬರು ಬರೆದುಕೊಂಡರು.

ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಗೌಹರಬೇಗಂ ಫೋನು ಮಾಡತೊಡಗಿದಳು. ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಬೇಕು, ತಪ್ಪಾದರೆ ನಗಬಾರದು. ಗೌಹರಬೇಗಂ ತನ್ನ ಮನೆಯ ಏಳು ಮಕ್ಕಳ ಕಥೆ ಹೇಳುತ್ತಿದ್ದಳು: ಮೂರು ತನ್ನವು, ನಾಲ್ಕು ಭಾವನವು. ದೇವಕಮ್ಮ ಮೊದಲು ಶಾಲೆಯ ಬಗ್ಗೆ ಹೇಳಿದಳು. ಅದು ಎರಡು ದಿನಕ್ಕೆ ಮುಗಿಯಿತು. ಆಮೇಲೆ ಅಂಬ್ರಪ್ಪನ ಬಗ್ಗೆ ಹೇಳತೊಡಗಿದಳು. ಬೇರೆ ಭೂತಕಾಲ ಅವಳ ಹತ್ತಿರ ಇರಲಿಲ್ಲ.

ಬೆಳಗಿನ ಹೊತ್ತು ನೋಟುಬುಕ್ಕಿನಲ್ಲಿ ನಾಲ್ಕೈದು ಸಾಲು ಬರೆದಿಟ್ಟು, ನಾಲ್ಕು ಗಂಟೆಗೆ ಓದುತ್ತಿದ್ದಳು. ಅವನಿಗೆ ಒಂಬತ್ತು ದಿನ ಜ್ವರವಿತ್ತು. ಅವನು ಊಟ ಮಾಡಲಿಲ್ಲ. ನಾನು ಅವನನ್ನು ಟಂಟಂ ಆಟೋದಲ್ಲಿ ಯಾದಗಿರಿಗೆ ಕರೆದುಕೊಂಡು ಹೋದೆ. ಇಂಗ್ಲಿಷಿನಲ್ಲಿ ಅವೆಲ್ಲ ಸಣ್ಣ ಸಣ್ಣ ವಾಕ್ಯಗಳು. ದೊಡ್ಡದು ಕಟ್ಟಲು ಅವಳಿಗೆ ಬರುತ್ತಿರಲಿಲ್ಲ. ದುಃಖಕ್ಕೆ ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಪದ 'ಸ್ಯಾಡ್' ಒಂದೇ. ಅದನ್ನು ಅವಳು ಬಳಸಲಿಲ್ಲ. ಗೌಹರಬೇಗಂ "ದೆನ್?" ಎನ್ನುತ್ತಿದ್ದಳು. ಅವಳು ಮುಂದಿನ ಸಾಲು ಓದುತ್ತಿದ್ದಳು. ಮಾತಾಡುವುದು ದಿನದಿಂದ ದಿನಕ್ಕೆ ಸರಾಗವಾಯಿತು. ಎದೆಯಲ್ಲಿ ಮಾತ್ರ ಏನೂ ಅಲುಗಲಿಲ್ಲ.

ಒಂದು ದಿನ ಫೋನು ಇಟ್ಟು ತಿರುಗಿದಾಗ ಮೆಟ್ಟಿಲ ಮೇಲೆ ಮರಿಲಿಂಗಮ್ಮ ಕುಳಿತಿದ್ದಳು. ಮಂಡಿನೋವಿನವಳು, ಮಾಳಿಗೆ ಹತ್ತುವವಳಲ್ಲ. ಎಷ್ಟು ಹೊತ್ತಿನಿಂದ ಕುಳಿತಿದ್ದಳೋ ತಿಳಿಯಲಿಲ್ಲ.

"ದಿನಾ ಯಾರ ಕೂಡ ಮಾತಾಡ್ತಿ?"

"ಸುರಪುರದ ಟೀಚರ್, ಅತ್ತಿ. ಇಂಗ್ಲಿಷ್ ರೂಢಿ ಮಾಡಾಕತ್ತೇವಿ."

"ಅದರಾಗ ನನ್ನ ಮಗನ ಹೆಸರು ಬರ್ತದ."

ದೇವಕಮ್ಮ ನೋಟುಬುಕ್ಕು ಮುಚ್ಚಿದಳು.

"ಗೇಟು ಅಂತಿ, ಯಾದಗಿರಿ ಅಂತಿ. ನಾ ಸಾಲಿ ಕಲ್ತಾಕಿ ಅಲ್ಲ, ಖರೆ. ಹೆಸರು ತಿಳೀತದ. ಸುರಪುರದಾಕಿಗಿ ಹೇಳ್ತಿ. ಹೆತ್ತಾಕಿ ನಾ. ನನಗ ಒಂದಿನಾ ಹೇಳಿಲ್ಲ ನೀ." ಮುದುಕಿಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಹೋಗೂ ಮುಂದ ಟಂಟಂದಾಗ ಕುಂತ. ಅಷ್ಟ ನೋಡಿದ್ದು ನಾ. ಮುಂದ ಏನಾತು?"

ದೇವಕಮ್ಮ ಬಾಯಿ ತೆರೆದಳು. ಕನ್ನಡದಲ್ಲಿ ಏನೂ ಬರಲಿಲ್ಲ. ಇಂಗ್ಲಿಷಿಗೆ ಪದ ಹುಡುಕುವಾಗಲಾದರೂ ಒಳಗೆ ಒಂದು ವಾಕ್ಯ ಇರುತ್ತಿತ್ತು. ಈಗ ಅದೂ ಇರಲಿಲ್ಲ. ಬರಿದಾದ ಕೊಡವನ್ನು ಬಗ್ಗಿಸಿದಂತಾಯಿತು, ಅಷ್ಟೇ. ನೋಟುಬುಕ್ಕು ತೆರೆದು, ಅತ್ತೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಕ್ಲಾಸಿನಲ್ಲಿ ಮಕ್ಕಳಿಗೆ ಮಾಡುವಂತೆ ಒಂದೊಂದು ಸಾಲನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಅರ್ಥ ಹೇಳಿದಳು.

"ದೇ ಗೇವ್ ಹಿಮ್ ಆಕ್ಸಿಜನ್. ಅವರಿಗಿ ಆಕ್ಸಿಜನ್ ಹಚ್ಚಿದ್ರು."

"ಹೂಂ."

"ಹಿ ಆಸ್ಕ್ಡ್ ವಾಟರ್ ಟೂ ಟೈಮ್ಸ್. ಎರಡು ಸಲ ನೀರು ಕೇಳಿದ್ರು."

"ಕೊಟ್ಟಿ?"

"ಕೊಟ್ಟೆ."

"ಮುಂದ."

"ಹಿ ಆಸ್ಕ್ಡ್, ಡಿಡ್ ದೇ ಓಪನ್ ದ ಗೇಟ್? ಗೇಟು ಎತ್ತಿದ್ರೇನು ಅಂತ ಕೇಳಿದ್ರು."

"ಆ ತಿಂಗಳದಾಗ ಕಾಲವ್ಯಾಗ ನೀರೆಲ್ಲಿಂದ ಬರ್ತದ?"

"ಜ್ವರದಾಗ ಕೇಳಿದ್ರು. ಐ ಸೆಡ್ ಯಸ್. ನಾ ಹೌದಂದೆ."

ಮರಿಲಿಂಗಮ್ಮ ನೋಯುವ ಮಂಡಿಯನ್ನು ಒತ್ತಿಕೊಂಡಳು. "ಛಲೋ ಮಾಡಿದಿ," ಎಂದಳು. "ಮುಂದ."

"ಹಿ ಡೈಡ್ ಅಟ್ ಟೆನ್ ಓ ಕ್ಲಾಕ್. ಹತ್ತು ಗಂಟೇಕ ತೀರ್ಕೊಂಡ್ರು. ಐ ವಾಸ್ ವಾಷಿಂಗ್ ದ ಕಪ್. ನಾ ಕಪ್ಪು ತೊಳಿಯಾಕ ಹೋಗಿದ್ದೆ."

ಅಲ್ಲಿಗೆ ಪುಟ ಮುಗಿದಿತ್ತು. ಕೆಳಗೆ ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಮುದುಕಿ ಅಳಬಹುದೆಂದು ದೇವಕಮ್ಮ ಕಾದಳು. ಅವಳು ಅಳಲಿಲ್ಲ.

"ಇನ್ನೊಮ್ಮೆ ಓದು," ಎಂದಳು. "ಆ ಇಂಗ್ಲಿಷ್ ಬಿಟ್ಟು ಓದು."

ದೇವಕಮ್ಮ ಇಂಗ್ಲಿಷ್ ಬಿಟ್ಟು ಓದಿದಳು. ಆ ವಾರ ಮರಿಲಿಂಗಮ್ಮ ಅದನ್ನು ನಾಲ್ಕು ಸಲ ಓದಿಸಿಕೊಂಡಳು. ಮೂರನೆಯ ಸಲಕ್ಕೆ ಅವಳಿಗೆ ಬಾಯಿಪಾಠವಾಗಿತ್ತು; ದೇವಕಮ್ಮ ಒಂದು ಸಾಲು ಬಿಟ್ಟರೆ, "ನೀರು ಕೇಳಿದ್ದು ಬಂದಿಲ್ಲ," ಎಂದು ನೆನಪು ಮಾಡುತ್ತಿದ್ದಳು.

ಮೂವತ್ತನೆಯ ದಿನ ಕೊನೆಯ ಚರ್ಚೆ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬೇಕೇ, ಬೇಡವೇ. ಎಲ್ಲರೂ ಒಂದು ನಿಮಿಷವಾದರೂ ಮಾತಾಡಲೇಬೇಕು. ಬಲ್ಲವರು ಮೊದಲು ಮಾತಾಡಿದರು. ದೇವಕಮ್ಮ ಈ ಸಲ ತಾನಾಗಿ ಕೈಯೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಅವಳ ಸರದಿ ಬಂದಾಗ ಹನ್ನೆರಡೂ ಮುಕ್ಕಾಲು. ಆಕಾಶ ಮೋಡ ಕವಿದಿತ್ತು.

ಅವಳು ಹೇಳಿದ್ದು ಇಷ್ಟು. ನನ್ನ ಶಾಲೆಯ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಓಣಿಯಲ್ಲಿ ಕನ್ನಡ. ಇಂಗ್ಲಿಷ್ ಪುಸ್ತಕದಲ್ಲಿದೆ. ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅವರು ಸುಮ್ಮನೆ ನಿಲ್ಲುತ್ತಾರೆ. ಅವರಿಗೆ ಏನೂ ಗೊತ್ತಿಲ್ಲವೆಂದು ಹದಿನೆಂಟು ವರ್ಷ ಅಂದುಕೊಂಡಿದ್ದೆ. ಕುಳಿತುಕೋ ಎನ್ನುತ್ತಿದ್ದೆ. ಈಗ ಅನಿಸುತ್ತದೆ, ಅವರು ವಾಕ್ಯ ಕಟ್ಟುತ್ತಿದ್ದರು. ನಾನು ಕಾಯಲಿಲ್ಲ. ಮಕ್ಕಳಿಗೆ ಇಂಗ್ಲಿಷ್ ಕೊಡಿ, ಆದರೆ ಹೊತ್ತೂ ಕೊಡಿ.

ಎರಡು ದಿನ ಕುಳಿತು ಬರೆದದ್ದು ಅದು. ನೋಡದೆ ಹೇಳಿದಳು. ಹೇಳಿ ಮುಗಿಸಿ ಪರದೆ ನೋಡಿದರೆ ಮೇಡಮ್ಮಳ ಮುಖ ಅರ್ಧ ಕಣ್ಣು ಮುಚ್ಚಿ ನಿಂತಿತ್ತು. ನಡುವೆ ಒಂದು ಗುಂಡನೆಯ ಗುರುತು ತಿರುಗುತ್ತಿತ್ತು. ಮತ್ತೆ ಚಿತ್ರ ಬಂದಾಗ ಬೀದರಿನ ಶಿಕ್ಷಕರು ಮಾತಾಡುತ್ತಿದ್ದರು.

ನಾಲ್ಕು ಗಂಟೆಗೆ ಗೌಹರಬೇಗಂ ಫೋನು ಮಾಡಿದಳು.

"ಆಪಾ, ಎಷ್ಟು ತನಕ ಕೇಳಸ್ತು?" ಎಂದು ಕೇಳಿದಳು ದೇವಕಮ್ಮ. ಅಕ್ಕ ಎನ್ನುವ ಆ ಉರ್ದು ಮಾತನ್ನು ಅವಳು ಫೋನಿನಲ್ಲೇ ಕಲಿತಿದ್ದಳು.

"ಮಕ್ಕಳಿಗಿ ಏನೂ ಗೊತ್ತಿಲ್ಲ ಅಂದ್ರಲ್ಲ, ಅಲ್ಲೀ ತನಕ. ಆಮ್ಯಾಲ ಕಟ್ ಆತು. ಮೇಡಂ, ಹೌದು, ಹಳ್ಳಿ ಕಡಿ ಇದು ದೊಡ್ಡ ತೊಂದ್ರಿ ಅಂತಂದು ಮುಂದಿನವರ್ನ ಕರದ್ರು. ಮುಂದ ಏನಿತ್ತು?"

ದೇವಕಮ್ಮ ಉಳಿದದ್ದನ್ನು ಹೇಳಿದಳು. ಗೌಹರಬೇಗಂ ಪೂರ್ತಿ ಕೇಳಿಸಿಕೊಂಡಳು. ಮೇಡಂಗೆ ಬರೆದು ಕಳಿಸ್ರಿ ಎಂದಳು. ದೇವಕಮ್ಮ ಹೂಂ ಎಂದಳು, ಕಳಿಸಲಿಲ್ಲ. ವಾರದ ನಂತರ ಫೋನಿಗೆ ಸರ್ಟಿಫಿಕೇಟು ಬಂತು. ಹೆಸರಿನ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ತಪ್ಪಿತ್ತು. ದೇವಿಂದ್ರಪ್ಪನವರು ಅದನ್ನು ಪ್ರಿಂಟು ಮಾಡಿಸಿ ಶಾಲೆಯ ಫೈಲಿನಲ್ಲಿ ಹಾಕಿದರು.

ಶ್ರಾವಣ ಮುಗಿಯುತ್ತಿದ್ದಂತೆ ಒಂದು ಭಾನುವಾರ ಗೌಹರಬೇಗಂ ಸುರಪುರದಿಂದ ಹೊರಟು, ಶಹಾಪುರದಲ್ಲಿ ಬಸ್ಸು ಬದಲಿಸಿ, ಸಗರಕ್ಕೆ ಬಂದಳು. ಬಸ್‌ಸ್ಟ್ಯಾಂಡಿಗೆ ಹೋದ ದೇವಕಮ್ಮ ಅವಳನ್ನು ಗುರುತಿಸಲಿಲ್ಲ. ಮುಖ ನೋಡಿದ್ದರೆ ತಾನೇ. ಸಣ್ಣ ಧ್ವನಿಯ ಸಣ್ಣ ಹೆಂಗಸೊಬ್ಬಳನ್ನು ಹುಡುಕುತ್ತಿದ್ದಳು. ಬುರ್ಖಾ ತೊಟ್ಟ, ತನಗಿಂತ ಒಂದು ಗೇಣು ಎತ್ತರದ, ಐವತ್ತು ದಾಟಿದ ಹೆಂಗಸು ಎದುರು ಬಂದು ನಿಂತು, "ಟೀಚರಮ್ಮ ಅಲ್ಲೇನ್ರಿ?" ಎಂದಳು. ಕೈಯಲ್ಲಿ ಡಬ್ಬಿಯಿತ್ತು, ಖರ್ಜೂರ ಹಾಕಿದ ಸಿಹಿಯ ಡಬ್ಬಿ.

ಊಟವಾಯಿತು. ಪಡಸಾಲೆಯಲ್ಲಿ ಮೂವರೂ ಕುಳಿತರು. ಮರಿಲಿಂಗಮ್ಮ ಬಂದವಳನ್ನು ಸ್ವಲ್ಪ ಹೊತ್ತು ನೋಡಿದಳು. ಮಕ್ಕಳೆಷ್ಟು, ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದಳು. ಆಮೇಲೆ ಯಾರೂ ಕೇಳದಿದ್ದರೂ, ಕಾಲು ನೀಡಿಕೊಂಡು, ಹೇಳತೊಡಗಿದಳು.

"ಒಂಬತ್ತು ದಿನ ಜ್ವರ ಇತ್ತವ್ವ ನನ್ನ ಮಗನಿಗಿ. ಕೂಳು ಮುಟ್ಟಲಿಲ್ಲ. ಟಂಟಂದಾಗ ಹಾಕ್ಕೊಂಡು ಯಾದಗಿರಿಗಿ ಒಯ್ದಿವಿ. ಅಲ್ಲಿ ಆಕ್ಸಿಜನ್ ಹಚ್ಚಿದ್ರು. ನಾ ಬಾಜೂಕ ಕುಂತಿದ್ದೆ. ಯವ್ವಾ, ನೀರು ಕೊಡು ಅಂದ. ಕೊಟ್ಟೆ. ಇನ್ನೊಮ್ಮೆ ಅಂದ. ಕೊಟ್ಟೆ. ನನ್ನ ಕೈ ಹಿಡಕೊಂಡು, ಗೇಟು ಎತ್ತಿದ್ರೇನಬೇ ಅಂದ. ಎತ್ತಿದ್ರಪ್ಪ, ನಿನ್ನ ಕಾಲವಿ ತುಂಬಿ ಹರಿಯಾಕತ್ಯಾದ ಅಂದೆ. ಅವನ ಮಾರಿ ಮ್ಯಾಲ ನಗಿ ಬಂತು."

ಗೌಹರಬೇಗಂ ತಲೆಯೆತ್ತಿ ದೇವಕಮ್ಮನನ್ನು ನೋಡಿದಳು. ನಾಲ್ಕು ಗಂಟೆಯ ಫೋನಿನಲ್ಲಿ ಅವಳು ಕೇಳಿದ್ದ ಸಾಲುಗಳು ಬೇರೆ. ಆ ಆಸ್ಪತ್ರೆಯಲ್ಲಿ ಈ ಮುದುಕಿ ಇರಲೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. ದೇವಕಮ್ಮ ಏನನ್ನೂ ತಿದ್ದಲಿಲ್ಲ. ಗೋಡೆಗೆ ಒರಗಿ, ಬೇರೆ ಯಾರದೋ ಮಗನ ಮಾತು ಕೇಳುವವಳಂತೆ ಕೇಳುತ್ತಿದ್ದಳು.

"ಚಾ ಇಡ್ತೇನ್ರಿ," ಎಂದು ಎದ್ದು ಒಳಗೆ ಹೋದಳು. ಒಲೆ ಹೊತ್ತಿಸಿದಳು, ನೀರಿಟ್ಟಳು, ಸಕ್ಕರೆ ಡಬ್ಬಿ ತೆಗೆದಳು. ಪಡಸಾಲೆಯಿಂದ ಅತ್ತೆಯ ಧ್ವನಿ ಬರುತ್ತಲೇ ಇತ್ತು. ಕಥೆ ಹತ್ತು ಗಂಟೆಯ ಹತ್ತಿರ, ಅವಳು ಕಪ್ಪು ತೊಳೆಯಲು ಎದ್ದುಹೋದ ಹೊತ್ತಿಗೆ ಬಂದಿತ್ತು. ದೇವಕಮ್ಮ ಚಮಚ ಹಿಡಿದುಕೊಂಡೇ ನಿಂತಳು. ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.